ದೊಡ್ಡಪ್ಪ, ವೈಫೈ ಬೇರೆ, ಇಂಟರ್ನೆಟ್ ಬೇರೆ

ದೊಡ್ಡಪ್ಪ, ಬೆಳಿಗ್ಗೆ ನೀವು ಗುಂಪಲ್ಲಿ ಹಾಕಿದ್ದನ್ನು ಈಗ ನೋಡಿದೆ. ನೆಟ್ ಹಾಕಲು ಬಂದ ಹುಡುಗ ಒಎನ್‌ಟಿ, ರೂಟರ್, ಐಪಿ, ಬ್ಯಾಂಡ್ ಅಂತ ಏನೇನೋ ಹೇಳಿ ಹೋದ, ವೈಫೈ ಕಡ್ಡಿ ಪೂರ್ತಿ ಇದೆ ಆದರೂ ಯೂಟ್ಯೂಬ್ ಸುತ್ತುತ್ತಲೇ ಇದೆ, ಜೊತೆಗೆ ನಮ್ಮದು 5ಜಿ ಫೋನೇ ಅಲ್ಲ, 5ಜಿ ಅಂತ ತೋರಿಸುವ ವೈಫೈಗೆ ಸೇರಬಹುದಾ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಆಗುತ್ತದೆ, ಕೇಳಿಸಿಕೊಳ್ಳಿ. ಮಧ್ಯೆ ಕುಕ್ಕರ್ ಕೂಗಿದರೆ ಬೈಯಬೇಡಿ.

ವೈಫೈ ಬೇರೆ, ಇಂಟರ್ನೆಟ್ ಬೇರೆ. ಇದೊಂದು ತಲೆಗೆ ಹೋದರೆ ಅರ್ಧ ಗಲಾಟೆ ಮುಗಿಯಿತು. ನೀರಿನ ಲೆಕ್ಕದಲ್ಲಿ ಹೇಳುತ್ತೇನೆ. ಬೀದಿ ಪೈಪಿನಿಂದ ಸಂಪಿಗೆ ಬರುವುದು ಇಂಟರ್ನೆಟ್. ಅಲ್ಲಿಂದ ಬಚ್ಚಲಿಗೆ, ಅಡುಗೆಮನೆಗೆ ಹೋಗುವ ಪೈಪು ವೈಫೈ. ಬೀದಿಯಲ್ಲಿ ನೀರೇ ಬಿಟ್ಟಿಲ್ಲ, ಸಂಪೂ ಖಾಲಿ ಅಂದರೆ ಮನೆಯೊಳಗಿನ ಪೈಪು ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ? ಫೋನಿನಲ್ಲಿ ಕಾಣುವ ಕಡ್ಡಿ ಫೋನಿಗೂ ರೂಟರಿಗೂ ನಡುವಿನ ಸಂಬಂಧ ಅಷ್ಟೇ. ಬೀದಿಯ ಕಥೆ ಅದಕ್ಕೆ ಗೊತ್ತಿಲ್ಲ.

ಈಗ ಒಎನ್‌ಟಿ. ಕಂಬದಿಂದ ಬಂದಿದೆಯಲ್ಲ ಸಣ್ಣ ವೈರು, ಅದರಲ್ಲಿ ಕೂದಲಿನಷ್ಟು ತೆಳುವಾದ ಗಾಜಿನ ಎಳೆ ಇರುತ್ತದೆ. ಸುದ್ದಿ ಬರುವುದು ಬೆಳಕಾಗಿ, ಕರೆಂಟಾಗಿ ಅಲ್ಲ. ಆ ಬೆಳಕನ್ನು ನಮ್ಮ ಯಂತ್ರಗಳಿಗೆ ಅರ್ಥವಾಗುವ ಹಾಗೆ ಬದಲಾಯಿಸುವುದೇ ಒಎನ್‌ಟಿ. ಅದನ್ನು ಮನೆಯವರಿಗೆಲ್ಲ ಹಂಚುವುದು ರೂಟರ್. ಈಗ ಎಷ್ಟೋ ಕಡೆ ಎರಡೂ ಒಂದೇ ಡಬ್ಬದಲ್ಲಿ ಬರುತ್ತವೆ. ಗಾಜಲ್ವಾ, ಆ ವೈರನ್ನು ಬಾಗಿಲ ಸಂದಿಯಲ್ಲಿ ಮಡಚಬೇಡಿ, ಮೊಳೆ ಹೊಡೆದು ಬಿಗಿಯಬೇಡಿ. ಡಬ್ಬದ ಮೇಲೆ ಎಲ್‌ಒಎಸ್ ಅಂತ ಬರೆದಿರುವ ಕಡೆ ಕೆಂಪು ಲೈಟ್ ಇದ್ದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ. ವೈರು ಸರಿಯಾಗಿ ಕೂತಿದೆಯಾ ನೋಡಿ, ಕೂತಿದ್ದರೆ ನೆಟ್‌ನವರಿಗೇ ಫೋನ್ ಮಾಡಬೇಕು. ಹತ್ತು ಸಲ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೂ ತುಂಡಾದ ಗಾಜು ಕೂಡುವುದಿಲ್ಲ.

ಐಪಿ ಅಂದರೆ ವಿಳಾಸ. ಮೈಸೂರಿನಲ್ಲಿ ನಾವಿದ್ದ ವಠಾರ ನೆನಪಿದೆಯಾ? ಹೊರಗೆ ಒಂದೇ ಡೋರ್ ನಂಬರ್, ಒಳಗೆ ಒಂದನೇ ಮನೆ, ಎರಡನೇ ಮನೆ. ಟಪಾಲು ಬಂದರೆ ಓನರ್ ಅಜ್ಜಿ ಗೇಟಲ್ಲೇ ತೆಗೆದುಕೊಂಡು ಅವರವರ ಮನೆಗೆ ಕೊಡುತ್ತಿದ್ದರು. ರೂಟರ್ ಆ ಅಜ್ಜಿ. ನಿಮ್ಮ ಫೋನಿಗೆ 192.168.1.5 ಅಂತ ಇದ್ದರೆ ಅದು ವಠಾರದ ಒಳಗಿನ ನಂಬರ್. ನಮ್ಮ ಮನೆಯ ಟಿವಿಗೂ ಅದೇ ನಂಬರ್ ಇರಬಹುದು, ಜಗಳವಿಲ್ಲ, ಎಲ್ಲ ವಠಾರದಲ್ಲೂ ಮೂರನೇ ಮನೆ ಇರುತ್ತದಲ್ಲ. ಹೀಗೇಕೆ ಮಾಡಿದರು ಅಂದರೆ ಹೀಗೆ ಚುಕ್ಕಿ ಇಟ್ಟು ಬರೆಯುವ ನಾಲ್ಕು ಸಂಖ್ಯೆಗಳ ವಿಳಾಸಗಳು ಇಡೀ ಪ್ರಪಂಚಕ್ಕೆ ಸುಮಾರು 430 ಕೋಟಿ ಅಷ್ಟೇ, ಪ್ರತಿ ಫೋನಿಗೂ ಟಿವಿಗೂ ಒಂದೊಂದು ಕೊಡಲು ಸಾಲುವುದಿಲ್ಲ. ಒಳಗಿನ ನಂಬರ್ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅಂತ ಹೆಸರು, ಮರೆತರೂ ನಷ್ಟವಿಲ್ಲ.

ಇನ್ನು 5ಜಿ ವಿಷಯ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಹೆಸರಿಟ್ಟವರ ತಪ್ಪು. ಮೊಬೈಲಿನ 5ಜಿ ಅಂದರೆ ಐದನೇ ತಲೆಮಾರು. ವೈಫೈ ಹೆಸರಿನ ಕೊನೆಯ 5ಜಿ ಅಂದರೆ 5 ಗಿಗಾಹರ್ಟ್ಜ್, ರೇಡಿಯೋ ಸ್ಟೇಷನ್ ನಂಬರ್ ಇದ್ದ ಹಾಗೆ. ಆ ಹುಡುಗ ಬ್ಯಾಂಡ್ ಅಂದದ್ದು ಇದಕ್ಕೇ. ಎರಡಕ್ಕೂ ಸಂಬಂಧವೇ ಇಲ್ಲ. 4ಜಿ ಫೋನಾದರೂ ಆ ಹೆಸರು ಪಟ್ಟಿಯಲ್ಲಿ ಕಂಡರೆ ಧಾರಾಳವಾಗಿ ಸೇರಿ. ಅದು ವೇಗ, ಆದರೆ ಗೋಡೆ ಬಂದರೆ ಬೇಗ ಸೋಲುತ್ತದೆ. 2.4 ಗಿಗಾಹರ್ಟ್ಜ್ ಅನ್ನುವ ಇನ್ನೊಂದು ಬ್ಯಾಂಡ್ ನಿಧಾನ, ಆದರೆ ದೂರ ಹೋಗುತ್ತದೆ. ನಿಮ್ಮದು ದಪ್ಪ ಗೋಡೆಯ ಹಳೆ ಮನೆ, ಹಿತ್ತಿಲ ಕಡೆ ಕೂತು ನೋಡುವಾಗ 2.4 ಇಟ್ಟುಕೊಳ್ಳಿ, ಹಜಾರದಲ್ಲಿ 5. ರೂಟರನ್ನು ಟಿವಿ ಹಿಂದೆ ಬಚ್ಚಿಡದೆ ಮನೆಯ ಮಧ್ಯದಲ್ಲಿ, ಸ್ವಲ್ಪ ಎತ್ತರದಲ್ಲಿ ಇಡಿ. ಸ್ಟೀಲ್ ಬೀರು ಪಕ್ಕ ಅಂತೂ ಬೇಡವೇ ಬೇಡ.

100 ಎಂಬಿಪಿಎಸ್ ಅಂತ ದುಡ್ಡು ಕೊಟ್ಟೆ, 12 ಎಂಬಿ ಮಾತ್ರ ಬರುತ್ತಿದೆ ಅಂತ ಮಾವ ಜಗಳಕ್ಕೆ ಹೋಗಿದ್ದರಲ್ಲ, ಅದು ಮೋಸವಲ್ಲ. ಪ್ಲಾನಿನಲ್ಲಿ ಹೇಳುವುದು ಬಿಟ್ ಲೆಕ್ಕ, ಡೌನ್‌ಲೋಡ್‌ನಲ್ಲಿ ಕಾಣುವುದು ಬೈಟ್ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟ್.

ಇನ್ನೊಂದು, ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಡಬ್ಬದ ಹಿಂದೆ ಸೂಜಿ ಹೋಗುವಷ್ಟು ತೂತು ಇರುತ್ತದೆ. ಹೋದ ವರ್ಷ ಅದೇ ರೀಸ್ಟಾರ್ಟ್ ಅಂದುಕೊಂಡು ಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತಿಬಿಟ್ಟೆ. ನೆಟ್‌ನವರು ಹಾಕಿಕೊಟ್ಟ ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿ, ಅವರು ಬರುವ ತನಕ ಎರಡು ದಿನ ಮನೆಯವರ ಕೈಲಿ ಬೈಸಿಕೊಂಡೆ. ನೀವು ಸುಮ್ನೆ ಪ್ಲಗ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿ, ಸಾಕು.

ಈಗ ಹೋಗಿ ಯಾವ ಲೈಟ್ ಯಾವ ಬಣ್ಣದಲ್ಲಿದೆ ಅಂತ ಮುಂದಿನಿಂದ ಒಂದು ಫೋಟೋ ತೆಗೆದು ಹಾಕಿ. ಡಬ್ಬ ತಿರುಗಿಸಿ ಕೆಳಗಿನ ಸ್ಟಿಕ್ಕರ್ ಫೋಟೋ ಮಾತ್ರ ಇಲ್ಲಿ ಹಾಕಬೇಡಿ, ಅದರಲ್ಲಿ ಪಾಸ್‌ವರ್ಡ್ ಅಚ್ಚು ಹಾಕಿರುತ್ತಾರೆ, ಈ ಗುಂಪಲ್ಲಿ ನಿಮ್ಮ ಎದುರು ಮನೆಯವರೂ ಇದ್ದಾರೆ.