ಪ್ರಾದೇಶಿಕ ಸಹಕಾರ: ಪೂರ್ವ ಆಫ್ರಿಕಾ ಯಾಕ ಮುರೀತು, ಸಾರ್ಕ್ ಯಾಕ ನಿಂತೈತಿ?

ಸಪ್ತಾಪುರ_ಓದುಗ (ಧಾರವಾಡ):
ಕೆಎಎಸ್ ಮುಖ್ಯ ಪರೀಕ್ಷೆಗೆ ಹೊಸದಾಗಿ ಸ್ವತಂತ್ರವಾದ ದೇಶಗಳ ವಿದೇಶಾಂಗ ನೀತಿ ಓದಾಕತ್ತೀನ್ರಿ. ನೋಟ್ಸಿನ್ಯಾಗ ಬಾಂಡುಂಗ್ 1955 (ಏಷ್ಯಾ-ಆಫ್ರಿಕಾ ಸಮ್ಮೇಳನ), ಬೆಲ್‌ಗ್ರೇಡ್ 1961 (ಅಲಿಪ್ತ ದೇಶಗಳ ಮೊದಲನೇ ಶೃಂಗಸಭೆ) ಅಂತ ಬರೇ ಇಸವಿ ಅದಾವ. ಆಫ್ರಿಕಾದ್ದು ಗಟ್ಟಿ ಉದಾಹರಣೆ ಯಾವುದು? ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಸಹಕಾರ ಸಂಘ) ನಿಂತಿದ್ದಕ್ಕ ಭಾರತ-ಪಾಕಿಸ್ತಾನದ ಜಗಳ ಒಂದ ಕಾರಣ ಅಂತ ಬರದ್ರ ನಡಿತೈತೇನು?

ಮುಳಗುಂದ_ನಾಕಾ (ಗದಗ):
ಪೂರ್ವ ಆಫ್ರಿಕಾ ಸಮುದಾಯ ಹಿಡೀರಿ. ಕೀನ್ಯಾ, ಉಗಾಂಡಾ, ಟಾಂಜಾನಿಯಾ ಸೇರಿ 1967ರಾಗ ಕಟ್ಟಿದ್ದು. ರೈಲು, ಬಂದರು, ಅಂಚೆ-ಟೆಲಿಫೋನು, ವಿಮಾನ ಕಂಪನಿ ಎಲ್ಲಾ ಮೂರೂ ದೇಶದ ಪಾಲುದಾರಿಕೆಯೊಳಗ. ಆದ್ರ ಬ್ರಿಟಿಷರ ಕಾಲದಾಗ ಕಾರ್ಖಾನೆ ಹೆಚ್ಚಾಗಿ ಬೆಳೆದದ್ದು ಕೀನ್ಯಾದಾಗ. ಹಿಂಗಾಗಿ ಕೀನ್ಯಾದ ಮಾಲು ಉಳಿದ ಎರಡೂ ಕಡೆ ಹರೀತು, ಅಲ್ಲಿಂದ ಬರೋದು ಕಮ್ಮಿ. ಸರಿದೂಗಿಸಾಕ ‘ವರ್ಗಾವಣೆ ತೆರಿಗೆ’ ಇಟ್ರು: ವ್ಯಾಪಾರದಾಗ ಕೊರತೆ ಇದ್ದ ದೇಶ ನೆರೆ ದೇಶದ ಕಾರ್ಖಾನೆ ಮಾಲಿನ ಮ್ಯಾಲೆ ಹಾಕಬಹುದಿತ್ತು. ಅದು ಸಾಲಲಿಲ್ಲ. ನನ್ನ ಪ್ರಕಾರ ಬ್ಯಾನಿ ಮೂಲ ಇಲ್ಲೇ ಐತಿ, ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಆಮ್ಯಾಲಿನ ಮಾತು.

1971ರಾಗ ಅಮೀನ್ ಅಧಿಕಾರ ಕಸಗೊಂಡ, ಟಾಂಜಾನಿಯಾದ ಅಧ್ಯಕ್ಷ ನ್ಯೆರೆರೆ ಅವನ ಜೋಡಿ ಕೂಡಾಕ ಒಪ್ಪಲಿಲ್ಲ. ಸಮುದಾಯದ ಮ್ಯಾಲಿನ ಮಂಡಳಿ ಅಂದ್ರ ಮೂರು ಮಂದಿ ಅಧ್ಯಕ್ಷರು; ಒಬ್ಬರು ಬರಲಿಲ್ಲಂದ್ರ ಸಭೆನ ಇಲ್ಲ. 1977ರಾಗ ಮುರೀತು, ಟಾಂಜಾನಿಯಾ ಕೀನ್ಯಾದ ಕಡಿ ಗಡಿ ಮುಚ್ಚಿತು. ಆಸ್ತಿ-ಸಾಲ ಪಾಲಾಗೋ ಒಪ್ಪಂದಕ್ಕ 1984 ಬಂತು. ಅಣ್ಣತಮ್ಮಂದಿರ ವಾಟ್ನಿ ಇದ್ದಂಗ ನೋಡ್ರಿ.

ಹಾವೇರಿ_ಮೆಣಸಿನಕಾಯಿ:
ಜಗಳ ಒಂದನ್ನ ಬರೀಬ್ಯಾಡ್ರಿ, ಸಾರ್ಕ್ ಸನ್ನದಿನ 10ನೇ ವಿಧಿ ಬರೀರಿ. ಎಲ್ಲಾ ತೀರ್ಮಾನಕ್ಕೂ ಸರ್ವಾನುಮತ ಬೇಕು, ದ್ವಿಪಕ್ಷೀಯ ತಕರಾರು ಚರ್ಚೆಗೇ ಇಲ್ಲ. 2014ರ ಕಠ್ಮಂಡು ಶೃಂಗಸಭೆಯೊಳಗ ಮೋಟಾರು ವಾಹನ ಒಪ್ಪಂದದ (ಒಂದು ದೇಶದ ಗಾಡಿ ಇನ್ನೊಂದು ದೇಶದಾಗ ಓಡಾಡಾಕ) ಕರಡು ತಯಾರಿತ್ತು, ಪಾಕಿಸ್ತಾನ ಹ್ಞೂಂ ಅನ್ನಲಿಲ್ಲ. 2015ರ ಜೂನ್‌ನಾಗ ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳ ನಾಲ್ಕ ಸೇರಿ ಥಿಂಪುದಾಗ ಬ್ಯಾರೆ ಒಪ್ಪಂದಕ್ಕ ಸಹಿ ಹಾಕಿದ್ರು. ಮುಂದ 2016ರಾಗ ಭೂತಾನದ ಮೇಲ್ಮನೆ ಅದಕ್ಕೂ ಒಪ್ಪಲಿಲ್ಲ, ತಮ್ಮ ರಸ್ತೆಗೆ ಹೊರಗಿನ ಲಾರಿ ನುಗ್ತಾವು ಅನ್ನೋ ಅಂಜಿಕಿ. ಬ್ಯಾಡಗಿಯಿಂದ ಮೆಣಸಿನಕಾಯಿ ಲಾರಿ ಢಾಕಾಕ್ಕ ಹೊಂಟೈತಿ ಅನ್ರಿ: ನಮ್ಮ ಗಡಿ ಠಾಣೆ ಪೆಟ್ರಾಪೋಲ್ ದಾಟಿ ಬಾಂಗ್ಲಾದೇಶದ ಬೆನಾಪೋಲ್‌ನಾಗ ಚೀಲಾ ಇಳಿಸಿ, ಅಲ್ಲಿಯ ಲಾರಿಗೆ ಏರಿಸೋದು. ಸರ್ವಾನುಮತದ ಖರ್ಚು ಹಮಾಲಿಯೊಳಗ ಕಾಣತೈತಿ.

ಕಿಲ್ಲೆ_ಓಣಿ (ಹುಬ್ಬಳ್ಳಿ):
ಹಾವೇರಿಯವರ, ಆಸಿಯಾನ್‌ನಾಗೂ (ಆಗ್ನೇಯ ಏಷ್ಯಾ ದೇಶಗಳ ಸಂಘ) ಸರ್ವಾನುಮತನ ಅದರೀ. ಫರಕು ಬ್ಯಾರೆ ಕಡೆ ಅದ. 1966ರಾಗ ಇಂಡೋನೇಷ್ಯಾ-ಮಲೇಷ್ಯಾ ಕಾದಾಟ ಮುಗೀತು, ಮರುವರ್ಷ ಬ್ಯಾಂಕಾಕ್‌ನಾಗ ಐದು ದೇಶ ಕೂಡಿದವು. ಮೊದಲನೇ ಶೃಂಗಸಭೆಗೆ 1976 ಬಂತು, ಮುಕ್ತ ವ್ಯಾಪಾರದ ಒಪ್ಪಂದಕ್ಕ 1992. ಅವರು ಹಿಂಗ ಸಾವಕಾಶ ಹೊಂಟರು; ಪೂರ್ವ ಆಫ್ರಿಕಾದವರು ರೈಲು, ವಿಮಾನ ಎಲ್ಲಾ ಮೊದಲನೇ ದಿನಾನ ತಲೀಮ್ಯಾಲೆ ಹೊತ್ತರು.

ಇನ್ನೊಂದು: ಪಂಚಶೀಲ (ದೇಶಗಳು ಶಾಂತಿಯಿಂದ ಕೂಡಿ ಬಾಳೋ ಐದು ಸೂತ್ರ) ಬಾಂಡುಂಗ್‌ನಾಗ ಹುಟ್ಟಿತು ಅಂತ ಬರದು ಅಂಕ ಕಳಕೋಬ್ಯಾಡ್ರಿ. ಅದು 1954ರ ಏಪ್ರಿಲ್ 29ರ ಭಾರತ-ಚೀನಾ ಟಿಬೆಟ್ ವ್ಯಾಪಾರ ಒಪ್ಪಂದದ ಪೀಠಿಕೆಯೊಳಗ ಅದ. ಬಾಂಡುಂಗ್‌ದು ಹತ್ತು ಸೂತ್ರ.