ಗಿರಿಯ ನೀಲಿ ಹಕ್ಕಿಯನ್ನು ಯಾವ ಸಾಲಿಗೆ ಹಾಕಲಿ?

ಗಿರಿ ಮೇಷ್ಟ್ರು:
ನಮಸ್ಕಾರ. ನಮ್ಮ ಶಾಲೆಗೆ ಹಕ್ಕಿಗಳ ಚಾರ್ಟ್ ಮಾಡುತ್ತಿದ್ದೇವೆ. ಮಕ್ಕಳು ತಾವೇ ಕಂಡ 42 ಹಕ್ಕಿಗಳು, ಒಂದೊಂದು ಕುಟುಂಬಕ್ಕೆ ಒಂದೊಂದು ಸಾಲು. 41 ಕೂತಿವೆ. ಒಂದು ಮಾತ್ರ ಕೂರುತ್ತಿಲ್ಲ.

ಫೆಬ್ರವರಿಯಲ್ಲಿ ಎಂಟನೇ ಕ್ಲಾಸಿನವರನ್ನು ಬಾಬಾಬುಡನ್‌ಗಿರಿ ಕಡೆಯ ಶೋಲಾ ಕಾಡಿಗೆ (ಎತ್ತರದ ಗಿರಿಗಳ ಕಣಿವೆಯ ತಂಪು ಕಾಡು) ಕರೆದುಕೊಂಡು ಹೋಗಿದ್ದೆ. ಝರಿ ಪಕ್ಕ ಸುಮ್ನೆ ಕೂತಿದ್ದೆವು. ತರಗೆಲೆ ಸರಬರ ಅಂತು. ಹಾವೇನೋ ಅಂದುಕೊಂಡರೆ, ಬೇರಿನ ಸಂದಿಯಿಂದ ಪುಟ್ಟ ಹಕ್ಕಿ ಕುಪ್ಪಳಿಸಿ ಬಂತು. ಮೋಡ ಕವಿದ ಆಕಾಶದಂಥ ನೀಲಿ ಬೆನ್ನು. ಪಕ್ಕೆಯಲ್ಲಿ ತುಕ್ಕಿನ ಬಣ್ಣ, ಹೊಟ್ಟೆ ನಡುವೆ ಬಿಳಿ. ಮೈಗಿಂತ ಕಾಲೇ ಜಾಸ್ತಿ ಉದ್ದ ಅನ್ನಿಸುವ ಹಾಗಿತ್ತು. ಒಂದು ಎಲೆ ಮಗುಚಿ, ಹುಳ ಹೆಕ್ಕಿ, ಮತ್ತೆ ಕತ್ತಲಿಗೆ ಹೋಯಿತು. ಇಪ್ಪತ್ತೆರಡು ಮಕ್ಕಳು ಉಸಿರು ಬಿಡದೆ ಕೂತಿದ್ದನ್ನು ನಾನು ಅದೇ ಮೊದಲು ನೋಡಿದ್ದು!

ಲೈಬ್ರರಿಯ ಹಳೇ ಪುಸ್ತಕದಲ್ಲಿ ಇದು ಶಾರ್ಟ್‌ವಿಂಗ್. ಇನ್ನೊಂದರಲ್ಲಿ ಮಯೋಮೆಲಾ. ಫೋನಿನ ಆ್ಯಪ್‌ನಲ್ಲಿ ನೀಲಗಿರಿ ಬ್ಲೂ ರಾಬಿನ್, ವೈಜ್ಞಾನಿಕ ಹೆಸರು ಶೋಲಿಕೋಲಾ. ಒಬ್ಬಳು ಹುಡುಗಿ ಕೇಳಿದಳು, "ಸಾರ್, ರಾಬಿನ್ ಅಂದರೆ ಮಡಿವಾಳ ಹಕ್ಕಿ ಪಕ್ಕ ಹಾಕೋಣ್ವಾ?" ನನಗೆ ಉತ್ತರ ಗೊತ್ತಾಗಲಿಲ್ಲ. ಸೋಮವಾರ ಪ್ರಿಂಟ್‌ಗೆ ಕೊಡಬೇಕು. ತಿಳಿದವರು ಹೇಳಿ.

ಶೋಲಾ ಸುತ್ತಾಟ:
ಮೇಷ್ಟ್ರೇ, ಆ ಹುಡುಗಿ ಹೇಳಿದ್ದು ಅರ್ಧ ಸರಿ. ಮಡಿವಾಳ, ಶಾರ್ಟ್‌ವಿಂಗ್, ನಿಮ್ಮ ನೀಲಿ ಹಕ್ಕಿ ಎಲ್ಲವೂ ಈಗ ನೊಣಹಿಡುಕಗಳ ಕುಟುಂಬದಲ್ಲೇ ಇವೆ. ಹಾಗಾಗಿ ಸಾಲು ಅದೇ. ಆದರೆ ಆ ಸಾಲಿನೊಳಗೆ ಇದರ ಹತ್ತಿರದ ನೆಂಟರು ಬೇರೆ. ನಿಮ್ಮ ಕಡೆ ಕಾಫಿ ತೋಟದಲ್ಲಿ ಕಾಣುವ ಟಿಕೆಲ್ಸ್ ಬ್ಲೂ ಫ್ಲೈಕ್ಯಾಚರ್ ಗೊತ್ತಲ್ವಾ, ಕಿತ್ತಳೆ ಎದೆಯದು? ಅದರ ಪಕ್ಕ ಹಾಕಿ.

ಈ ಹಕ್ಕಿ ಬಹಳ ಕಾಲ ಮನೆ ಬದಲಾಯಿಸಿದೆ. ಬ್ರಿಟಿಷ್ ಪಕ್ಷಿತಜ್ಞ ಜೆರ್ಡನ್ 1840ರ ದಶಕದಲ್ಲಿ ಮೊದಲು ವಿವರಿಸಿದಾಗ ಕೆಂಪು ಬಾಲದ ರೆಡ್‌ಸ್ಟಾರ್ಟ್‌ಗಳ ಜೊತೆ ಸೇರಿಸಿದರು. ಆಮೇಲೆ ಶಾರ್ಟ್‌ವಿಂಗ್ ಅಂದರು. ಅದಕ್ಕೆ ಕಾರಣವೂ ಇತ್ತು: ಗಿಡ್ಡ ರೆಕ್ಕೆ, ಉದ್ದ ಕಾಲು, ನೆಲದ ಮೇಲಿನ ಬದುಕು. ಆದರೆ ನೆಲದಲ್ಲಿ ಬದುಕುವ ಹಕ್ಕಿಗೆ ಯಾವ ಮನೆತನದಲ್ಲಿ ಹುಟ್ಟಿದರೂ ಇಂಥದೇ ಮೈಕಟ್ಟು ಬರಬಹುದು. ಹೋಲಿಕೆ ಕಂಡ ಮಾತ್ರಕ್ಕೆ ನೆಂಟಸ್ತನ ಹೇಳೋಕಾಗಲ್ಲ.

ಪಕ್ಷಿತಜ್ಞರಾದ ಸಲೀಂ ಅಲಿ ಮತ್ತು ರಿಪ್ಲಿ ನೀಲಗಿರಿ ಕಡೆಯದನ್ನೂ ಪಳನಿ ಕಡೆಯದನ್ನೂ ಒಂದೇ ಜಾತಿಯ ಎರಡು ಉಪಜಾತಿ ಅಂದರು. 2005ರಲ್ಲಿ ರಾಸ್ಮುಸೆನ್ ಮತ್ತು ಆ್ಯಂಡರ್ಟನ್ ಅವನ್ನು ಎರಡು ಜಾತಿ ಮಾಡಿ ಮಯೋಮೆಲಾ ಅನ್ನುವ ಕುಲಕ್ಕೆ (ಕುಲ ಅಂದರೆ ಹತ್ತಿರದ ಜಾತಿಗಳ ಗುಂಪು) ಕಳಿಸಿದರು. ಕೊನೆಗೆ 2017ರಲ್ಲಿ ವಿ. ವಿ. ರಾಬಿನ್, ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ಉಮಾ ರಾಮಕೃಷ್ಣನ್ ಮತ್ತು ಜೊತೆಯವರು ಡಿಎನ್‌ಎ ಹೋಲಿಸಿ ನೋಡಿದರು. ಶಾರ್ಟ್‌ವಿಂಗ್‌ಗೂ ಸೇರಲಿಲ್ಲ, ಮಯೋಮೆಲಾಗೂ ಸೇರಲಿಲ್ಲ. ಹಾಗಾಗಿ ಹೊಸ ಕುಲವನ್ನೇ ಮಾಡಿದರು. ಶೋಲಿಕೋಲಾ ಅಂದರೆ ಶೋಲಾದಲ್ಲಿ ಇರುವುದು. ನನಗೆ ಇಷ್ಟು ಇಷ್ಟವಾದ ವೈಜ್ಞಾನಿಕ ಹೆಸರು ಇನ್ನೊಂದಿಲ್ಲ. ನಮ್ಮ ಕಾಡಿನ ಹೆಸರೇ ಹಕ್ಕಿಗೆ!

ಒಂದೊಂದು ಗಿರಿಗೆ ಒಂದೊಂದು ಹಕ್ಕಿ ಯಾಕೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಇದು ತಂಪು ಬಿಟ್ಟು ಕೆಳಗಿಳಿಯುವ ಹಕ್ಕಿಯಲ್ಲ. ಪಾಲಕ್ಕಾಡಿನ ಹತ್ತಿರ ಬೆಟ್ಟಸಾಲು ಕಡಿದು ಸುಮಾರು 30-40 ಕಿಲೋಮೀಟರ್ ಅಗಲದ ಬಯಲಿದೆ. ನಮಗೆ ಬಸ್ಸಿನಲ್ಲಿ ಒಂದು ಗಂಟೆ, ಇದಕ್ಕೆ ಸಮುದ್ರ. ಉತ್ತರಕ್ಕೆ ನಿಮ್ಮದು, ಶೋಲಿಕೋಲಾ ಮೇಜರ್. ದಕ್ಷಿಣಕ್ಕೆ ಬಿಳಿ ಹೊಟ್ಟೆಯ ಆಲ್ಬಿವೆಂಟ್ರಿಸ್, ಅದಕ್ಕೆ ಪಕ್ಕೆಯ ತುಕ್ಕು ಬಣ್ಣ ಇಲ್ಲ. ಇನ್ನೂ ಕೆಳಗೆ, ಶೆಂಗೋಟೈ ಕಣಿವೆ ದಾಟಿದ ಮೇಲೆ ಅಶಾಂಬು ಬೆಟ್ಟಗಳದ್ದು. ಅದನ್ನು ಕೆಲವು ಪಟ್ಟಿಗಳು ಮೂರನೇ ಜಾತಿ ಅನ್ನುತ್ತವೆ, ಕೆಲವು ಒಪ್ಪಿಲ್ಲ. ಪಟ್ಟಿಯವರು ಏನೇ ಅನ್ನಲಿ, ಆ ಹಕ್ಕಿಗಳು ಲಕ್ಷಾಂತರ ವರ್ಷಗಳಿಂದ ಬೇರೆ ಬೇರೆಯಾಗಿಯೇ ಇವೆ.

ಕೊಡಗಿನ ಮಳೆ:
ಒಂದು ಮಾತು ಸೇರಿಸುತ್ತೇನೆ. ಅದೇ 2017ರ ಕೆಲಸದಲ್ಲಿ ನಮ್ಮ ಕಡೆಯ ಲಾಫಿಂಗ್ ಥ್ರಷ್‌ಗಳಿಗೂ ಮಾಂಟಿಸಿಂಕ್ಲಾ ಅಂತ ಹೊಸ ಕುಲ ಸಿಕ್ಕಿತು. ನಾಲ್ಕು ಜಾತಿ. ಬ್ರಹ್ಮಗಿರಿ ಮತ್ತು ವಯನಾಡಿನದು ಬಾಣಾಸುರ, ಉಳಿದವು ನೀಲಗಿರಿ, ಪಳನಿ, ಅಶಾಂಬು. ಬೇರೆ ಜಾತಿ ಅಂತ ಎಣಿಸಿದ ಮೇಲೇ ಬಾಣಾಸುರದ ಕಷ್ಟ ಕಾಣಿಸಿದ್ದು. ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಹಕ್ಕಿ ಬೇಕಾದಷ್ಟಿದೆ ಅನ್ನಿಸುತ್ತದೆ. ಬೇರೆ ಮಾಡಿ ನೋಡಿದರೆ ಅದಕ್ಕಿರುವುದು ನಾಲ್ಕಾರು ಶಿಖರ ಅಷ್ಟೇ. ಈಗ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಚಾರ್ಟ್‌ನಲ್ಲಿ ಹೆಸರಿನ ಜೊತೆ ಯಾವ ಗಿರಿಯದು ಅಂತಲೂ ಬರೆಸಿ ಸರ್.

ಗಿರಿ ಮೇಷ್ಟ್ರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನೊಣಹಿಡುಕಗಳ ಸಾಲಿಗೇ ಹಾಕಿದೆವು, ಟಿಕೆಲ್ಸ್ ಪಕ್ಕದಲ್ಲಿ. ಮಡಿವಾಳವೂ ಅದೇ ಸಾಲಿನಲ್ಲಿ ಎರಡು ಹಕ್ಕಿ ಆಚೆ ಇದೆ. ಆ ಹುಡುಗಿಗೆ ಹೇಳಿದಾಗ ಮುಖ ಅರಳಿತು. ಹೆಸರಿನ ಕೆಳಗೆ "ಬಾಬಾಬುಡನ್, ಬ್ರಹ್ಮಗಿರಿ, ನೀಲಗಿರಿ" ಅಂತ ಅವಳೇ ಬರೆದಿದ್ದಾಳೆ. ಪಕ್ಕೆಯ ತುಕ್ಕು ಬಣ್ಣ ಪ್ರಿಂಟ್‌ನಲ್ಲಿ ಸರಿಯಾಗಿ ಬರಬೇಕು, ನಾಳೆ ಪ್ರೆಸ್‌ನಲ್ಲಿ ನಿಂತು ನೋಡಿಕೊಂಡು ಬರುತ್ತೇನೆ.