ಬೆಣ್ಣೆ ಕಳ್ಳನ ಹಬ್ಬ, ಸನ್ನೆ ಕಳ್ಳರ ಪಂಚಾಯ್ತಿ

ನಮ್ಮ ಕಾಲೇಜು ಗೆಳೆಯರ ‘ಮೆಕ್ 97’ ವಾಟ್ಸಾಪ್ ಗುಂಪಿನಲ್ಲಿ 41 ಜನ ಇದ್ದೇವೆ. ಮಾತಾಡುವವರು ಆರೇಳು ಜನ ಮಾತ್ರ. ಉಳಿದವರು ಹುಟ್ಟುಹಬ್ಬಕ್ಕೆ ಒಂದು ಕೇಕ್ ಚಿತ್ರ ಹಾಕಿ ಮಾಯವಾಗುತ್ತಾರೆ. ನಾನು ಅಡ್ಮಿನ್, ಅಂದರೆ ಜಗಳ ಬಿಡಿಸುವ ಸಂಬಳವಿಲ್ಲದ ಕೆಲಸ.

2025ರ ಆಗಸ್ಟ್ 16, ಶನಿವಾರ, ಕೃಷ್ಣಾಷ್ಟಮಿ. ಬೆಳಿಗ್ಗೆ 6:40ಕ್ಕೆ ಅಮೆರಿಕದಿಂದ ಶ್ರೀಧರ ಒಂದು ಸುದ್ದಿ ಹಾಕಿದ. ಅವನಿರುವುದು ಒಹಾಯೋದ ಕೊಲಂಬಸ್‌ನಲ್ಲಿ. ನಮ್ಮ ರವಿ ಇರುವುದು ಪಕ್ಕದ ಮಿಷಿಗನ್‌ನಲ್ಲಿ, ಮಗ ಓದುವುದೂ ಮಿಷಿಗನ್ ವಿಶ್ವವಿದ್ಯಾಲಯದಲ್ಲೇ. ಆ ಎರಡು ಊರಿನ ಕಾಲೇಜು ಫುಟ್‌ಬಾಲ್ ತಂಡಗಳಿಗೆ ಹಾವು ಮುಂಗುಸಿ ಸಂಬಂಧ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಬೈಗುಳ ತೆಗೆದು, ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕಿದ್ದೇನೆ.

ಶ್ರೀಧರ: ಮಿಷಿಗನ್ ತಂಡಕ್ಕೆ ದಂಡ ಬಿತ್ತು. ಲೆಕ್ಕ 2 ಕೋಟಿ ಡಾಲರ್ ದಾಟುತ್ತದಂತೆ. ರವಿ, ಮಲಗಿಬಿಟ್ಟೆಯಾ?

ರವಿ: ಎದ್ದಿದ್ದೇನೆ. ಕಪ್ ಕಿತ್ಕೊಂಡ್ರಾ? ಇಲ್ಲ. 2023ರ ಸೀಸನ್‌ನಲ್ಲಿ 15 ಆಟ, 15 ಗೆಲುವು. ಅದು ಹಾಗೇ ಇದೆ. ಗುಡ್ ನೈಟ್.

ಮಂಜ: ಗುಡ್ ಮಾರ್ನಿಂಗ್. ಏನ್ರೋ ಕದ್ದಿದ್ದು? ಚೆಂಡಾ?

ಶ್ರೀಧರ: ಸನ್ನೆ.

ಮಂಜ: ಹಬ್ಬದ ದಿನ ಬೆಣ್ಣೆ ಕದಿಯೋದು ಕೇಳಿದ್ದೆ. ಸನ್ನೆ ಕದಿಯೋದು ಹೆಂಗೋ?

ಮಂಜ ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಬೆಳಿಗ್ಗೆ ಅವನಿಗೆ ಬಿಡುವು ಜಾಸ್ತಿ. ಅವನ ಪ್ರಶ್ನೆಗೆ ಶ್ರೀಧರ ನಾಲ್ಕು ನಿಮಿಷದ ವಾಯ್ಸ್ ನೋಟ್ ಕಳಿಸಿದ. ಯಾರೂ ಕೇಳಲಿಲ್ಲ. ಆಮೇಲೆ ಟೈಪ್ ಮಾಡಿದ.

ಶ್ರೀಧರ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ಸಲವೂ ಆಟ ನಿಂತು ಮತ್ತೆ ಶುರು. ಮುಂದಿನ ದಾಳಿ ಯಾವುದು ಅಂತ ಕೋಚ್ ಹೊರಗಿನಿಂದ ಹೇಳಬೇಕು. ಸಂಬಳಕ್ಕೆ ಆಡುವವರ ದುಡ್ಡಿನ ಲೀಗ್‌ನಲ್ಲಿ ಹೆಲ್ಮೆಟ್ ಒಳಗೆ ರೇಡಿಯೋ ಇತ್ತು. ಕಾಲೇಜಿನವರಿಗೆ ಆಗ ಇರಲಿಲ್ಲ. ಅದಕ್ಕೇ ಗೆರೆ ಪಕ್ಕ ಇಬ್ಬರು ಮೂವರು ನಿಂತು ಕೈ ಬೀಸುತ್ತಾರೆ, ಮೂಗು ಮುಟ್ಟುತ್ತಾರೆ, ದೊಡ್ಡ ರಟ್ಟಿನ ಮೇಲೆ ಚಿತ್ರ ಎತ್ತಿ ತೋರಿಸುತ್ತಾರೆ. ಅವರಲ್ಲಿ ಒಬ್ಬನದು ಮಾತ್ರ ನಿಜ. ಮಿಕ್ಕವರದು ಬರೀ ಡೌಲು.

ಸುಧಾ: ಎಲ್ಲರ ಕಣ್ಣೆದುರೇ ಮಾಡ್ತಾರೆ. ನೋಡಿದ್ರೆ ಕಳ್ಳತನ ಹೇಗಾಗುತ್ತೆ?

ರವಿ: ಥ್ಯಾಂಕ್ಸ್ ಸುಧಾ! ಅದನ್ನೇ ನಾನೂ ಹೇಳೋದು. ಟಿವಿ ನೋಡಿ ಸನ್ನೆ ಬಿಡಿಸೋದಕ್ಕೆ ಅಡ್ಡಿಯೇ ಇಲ್ಲ. ಮೈದಾನದಲ್ಲಿ ಆಡುತ್ತಲೇ ಎದುರಿನವರನ್ನು ನೋಡಿ ಕಲಿತರೂ ತಪ್ಪಲ್ಲ. ಎಲ್ಲ ತಂಡದಲ್ಲೂ ಅದಕ್ಕೆ ಒಬ್ಬ ಇರುತ್ತಾನೆ.

ಶ್ರೀಧರ: ಮುಂದೆ ಆಡಬೇಕಾದ ತಂಡದ ಬೇರೆ ಪಂದ್ಯಕ್ಕೆ ಆಳು ಕಳಿಸಿ ನೋಡಿಸೋದು 1994ರಿಂದ ನಿಷಿದ್ಧ. ನಿಮ್ಮ ತಂಡದ ಸಿಬ್ಬಂದಿ ಕಾನರ್ ಸ್ಟಾಲಿಯನ್ಸ್ ಏನು ಮಾಡಿದ? ತನ್ನ ಹೆಸರಲ್ಲೇ ಟಿಕೆಟ್ ತಗೊಂಡು ಸ್ನೇಹಿತರಿಗೆ ಹಂಚಿದ. ಕೋಚ್‌ಗಳ ಕೈ ಚೆನ್ನಾಗಿ ಕಾಣೋ ಜಾಗದಲ್ಲಿ ಕೂತು ಅವರು ಫೋನಿನಲ್ಲಿ ಶೂಟ್ ಮಾಡಿದರು. ಮೂರು ಸೀಸನ್‌ನಲ್ಲಿ 56 ಸಲ. ಆ ಗ್ಯಾಂಗಿಗೆ ಅವರೇ ಇಟ್ಟುಕೊಂಡ ಹೆಸರು ಕೆಜಿಬಿ, ಹಳೇ ರಷ್ಯಾದ ಗೂಢಚಾರ ಸಂಸ್ಥೆಯದು.

ಮಂಜ: ಕೆಜಿಬಿ 😂 ನಮ್ಮ ಹಾಸ್ಟೆಲ್‌ನವರೇ ಇರಬೇಕು.

ರವಿ: 1994ರ ರೂಲ್ ಬಂದಿದ್ದು ಧರ್ಮ ಉಳಿಸೋಕಲ್ಲ, ಖರ್ಚು ಉಳಿಸೋಕೆ. ಬಡ ಕಾಲೇಜುಗಳಿಗೆ ಊರೂರಿಗೆ ಆಳು ಕಳಿಸೋಕೆ ಆಗಲ್ಲ ಅಂತ. 2024ರಲ್ಲಿ ಕಾಲೇಜಿನವರಿಗೂ ಹೆಲ್ಮೆಟ್ ರೇಡಿಯೋ ಬಂತು. ಅದನ್ನು ಮೊದಲೇ ಕೊಟ್ಟಿದ್ದರೆ ಈ ನಾಟಕವೇ ಇರುತ್ತಿರಲಿಲ್ಲ. ಇನ್ನೊಂದು ಕೇಳು. ಸುದ್ದಿ ಹೊರಬಿದ್ದ ಮೇಲೆ ಸ್ಟಾಲಿಯನ್ಸ್ ರಾಜೀನಾಮೆ ಕೊಟ್ಟ. ನಮ್ಮ ಆಗಿನ ಮುಖ್ಯ ಕೋಚ್ ಹಾರ್ಬಾರನ್ನು ಮೂರು ಪಂದ್ಯ ಹೊರಗಿಟ್ಟರು. ಆ ಮೂರೂ ಗೆದ್ದೆವು, ನಿಮ್ಮ ಊರಿನ ತಂಡದ ಮೇಲೂ ಸೇರಿಸಿ. ಆಮೇಲೆ ಅಲಬಾಮಾ, ವಾಷಿಂಗ್ಟನ್ ಇಬ್ಬರನ್ನೂ ಸೋಲಿಸಿದೆವು. ಆಗ ಯಾರ ಸನ್ನೆ ಕದ್ದಿದ್ದೆವು?

ಈ ಮಾತಿಗೆ ಶ್ರೀಧರನ ಹತ್ತಿರ ಉತ್ತರ ಇರಲಿಲ್ಲ ಅಂತ ನನ್ನ ಅಂದಾಜು. ಮಾತು ತಿರುಗಿಸಿದ.

ಶ್ರೀಧರ: ತಪ್ಪು ಮಾಡಿಲ್ಲ ಅಂದ್ರೆ ಸ್ಟಾಲಿಯನ್ಸ್ ಫೋನನ್ನು ಕೆರೆಗೆ ಯಾಕೆ ಎಸೆದ? ಅದನ್ನು ಹೇಳು. 2023ರ ಸೆಪ್ಟೆಂಬರ್ 1ಕ್ಕೆ ಇನ್ನೊಂದು ಕಾಲೇಜಿನ ಬಟ್ಟೆ ತೊಟ್ಟು, ಕಪ್ಪು ಕನ್ನಡಕ ಹಾಕಿ ಅವರ ತಂಡದ ಜೊತೆ ಗೆರೆ ಪಕ್ಕ ಯಾಕೆ ನಿಂತಿದ್ದ? ಆಗ ಸಹಾಯಕ ಕೋಚ್ ಆಗಿದ್ದ ಶೆರೋನ್ ಮೂರ್ ಅವನ ಜೊತೆಗಿನ 52 ಮೆಸೇಜ್ ಯಾಕೆ ಅಳಿಸಿದರು?

ಸುಧಾ: ಡಿಲೀಟ್ ಫಾರ್ ಎವರಿವನ್ ಇರಲಿಲ್ವೇನೋ.

ಶ್ರೀಧರ: ಎಲ್ಲ ವಾಪಸ್ ತೆಗೆದರು. ಮೂರ್‌ಗೆ ಮುಂದಿನ ವರ್ಷವೂ ಒಂದು ಪಂದ್ಯ ನಿಷೇಧ. ಸ್ಟಾಲಿಯನ್ಸ್‌ಗೆ ಎಂಟು ವರ್ಷ ಕಾಲೇಜು ಆಟದ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಹಾರ್ಬಾಗೆ ಹತ್ತು ವರ್ಷ.

ರವಿ: ಹಾರ್ಬಾ ಆಗಲೇ ದುಡ್ಡಿನ ಲೀಗ್‌ನಲ್ಲಿ ಆರಾಮಾಗಿದ್ದಾರೆ. ದಂಡ ಕಟ್ಟೋರು ನಾವು, ಫೀಸ್ ಕೊಡೋ ಅಪ್ಪಂದಿರು.

ಅಷ್ಟರಲ್ಲಿ ಉತ್ತರ ಕರೋಲಿನಾದಿಂದ ಗಿರೀಶ ಬಂದ. ಅವನು ವರ್ಷಕ್ಕೆ ಎರಡು ಸಲ ಬಾಯಿ ಬಿಡುವವನು.

ಗಿರೀಶ: ನಿಮ್ಮದು ಏನೂ ಅಲ್ಲ. ನಮ್ಮ ಕಡೆ ವೇಕ್ ಫಾರೆಸ್ಟ್ ಅಂತ ಸಣ್ಣ ಕಾಲೇಜು. 2016ರ ನವೆಂಬರ್‌ನಲ್ಲಿ ಲೂಯಿವಿಲ್‌ಗೆ ಆಡೋಕೆ ಹೋದರು. ಅಲ್ಲಿನ ಸ್ಟೇಡಿಯಂನಲ್ಲಿ ಇವರದೇ ಗೇಮ್ ಪ್ಲಾನ್ ಹಾಳೆಗಳು ಸಿಕ್ಕಿದವು! ಯಾರು ಕೊಟ್ಟಿದ್ದು ಅಂತ ಹುಡುಕಿದರೆ, ಅವರದೇ ರೇಡಿಯೋ ಕಾಮೆಂಟರಿ ಹೇಳೋ ಟಾಮಿ ಎಲ್ರಾಡ್. ಅಲ್ಲೇ ಓದಿದವನು, ಅಲ್ಲೇ ಆಡಿದವನು, ಅಲ್ಲೇ ಹನ್ನೊಂದು ವರ್ಷ ಸಹಾಯಕ ಕೋಚ್. ಹೊಸ ಕೋಚ್ ಬಂದಾಗ ಕೈಬಿಟ್ಟರು. ಕಾಮೆಂಟರಿಯವನು ಅಂತ ಪ್ರಾಕ್ಟೀಸ್‌ಗೆ ಬಿಟ್ಟುಕೊಂಡಿದ್ದರು. 2014ರಿಂದಲೇ ಶುರು ಮಾಡಿದ್ದನಂತೆ.

ಮಂಜ: ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ.

ಗಿರೀಶ: ಲೂಯಿವಿಲ್ ಪಂದ್ಯದಲ್ಲಿ ಮೂರನೇ ಕ್ವಾರ್ಟರ್ ಮುಗಿದಾಗ ವೇಕ್ ಫಾರೆಸ್ಟ್ 12-10 ಮುಂದಿತ್ತು. ಕೊನೆಗೆ 44-12ರಲ್ಲಿ ಸೋತಿತು. ಇನ್ನೊಂದು ತಮಾಷೆ. 2014ರಲ್ಲಿ ವರ್ಜೀನಿಯಾ ಟೆಕ್ ತಂಡದ ಒಬ್ಬ ಸಹಾಯಕ ಕೋಚ್‌ಗೂ ಮಾಹಿತಿ ಹೋಗಿತ್ತು. ಆ ಪಂದ್ಯ 60 ನಿಮಿಷ ಮುಗಿದಾಗ 0-0. ಎರಡನೇ ಓವರ್‌ಟೈಮ್‌ನಲ್ಲಿ ವರ್ಜೀನಿಯಾ ಟೆಕ್ 6-3ಕ್ಕೆ ಸೋತಿತು.

ಸುಧಾ: ಪ್ರಶ್ನೆಪತ್ರಿಕೆ ಕೈಗೆ ಸಿಕ್ಕರೂ ಸೊನ್ನೆ ತಗೊಂಡ ಹಾಗೆ! ಇಂಥವರು ನನ್ನ ಕ್ಲಾಸಲ್ಲೂ ಇದ್ದಾರೆ. ದಂಡ ಎಷ್ಟು?

ಗಿರೀಶ: ಲೂಯಿವಿಲ್, ವರ್ಜೀನಿಯಾ ಟೆಕ್, ಎರಡಕ್ಕೂ ತಲಾ 25,000 ಡಾಲರ್.

ರವಿ: ನೋಡಿದ್ರಾ! ಮನೆಯೊಳಗಿಂದ ಕದ್ದ ಮಾಲು ತಗೊಂಡವರಿಗೆ 25,000. ಟಿಕೆಟ್ ಕೊಂಡು ಕೂತು ನೋಡಿದವರಿಗೆ 2 ಕೋಟಿ.

ನನಗೂ ಇಲ್ಲಿ ರವಿಯ ಮಾತೇ ಸರಿ ಅನ್ನಿಸಿತು. ಟಿಕೆಟ್ ಕೊಂಡು ನೋಡಿದವನ ಮೇಲೆ ನನಗೆ ಅಷ್ಟು ಸಿಟ್ಟು ಬರಲ್ಲ. ಜೊತೆಗೆ ಬಸ್ಸಲ್ಲಿ ಬಂದು, ಊಟಕ್ಕೆ ಕೂತು, ಹಾಳೆ ದಾಟಿಸಿದವನ ಮೇಲೆ ಬರುತ್ತದೆ. ಅಡ್ಮಿನ್ ಅಂತ ಸುಮ್ನಿದ್ದೆ.

ಶ್ರೀಧರ: ರೂಲ್ ಅಂದ್ರೆ ರೂಲ್. ಕದ್ದು ಗೆದ್ದ ಕಪ್ ನಮಗೆ ಬೇಡ.

ಮಂಜ: ಶ್ರೀಧರಣ್ಣ, 1996ರ ವಾಲಿಬಾಲ್ ಕಪ್ ಎಲ್ಲಿದೆ?

ಶ್ರೀಧರ: ಕಾಲೇಜಿನ ಶೋಕೇಸ್‌ನಲ್ಲಿ. ಯಾಕೆ?

ಮಂಜ: ಯಾಕೆ ಅಂದ್ರೆ, ಆ ಸೆಮಿಫೈನಲ್ ನೋಡ್ಕೊಂಡು ಬಾ ಅಂತ ನನ್ನ ಚಿಕ್ಕಮಗಳೂರಿಗೆ ಕಳಿಸಿದ್ದು ನೀನೇ ತಾನೆ. ಅವರ ಲಿಫ್ಟರ್ ಬೆನ್ನ ಹಿಂದೆ ಬೆರಳು ತೋರಿಸ್ತಿದ್ದ. ಒಂದು ಅಂದ್ರೆ ಮಧ್ಯೆ ಶಾರ್ಟ್, ಎರಡು ಅಂದ್ರೆ ಮೂಲೆಗೆ ಉದ್ದ, ಮುಷ್ಟಿ ಅಂದ್ರೆ ಹಿಂದಕ್ಕೆ. ಎಲ್ಲ ಚೀಟೀಲಿ ಬರ್ಕೊಂಡು ಬಂದೆ. ಫೈನಲ್‌ನಲ್ಲಿ ನೀನು ಹೋದಲ್ಲೆಲ್ಲ ಬ್ಲಾಕ್.

ರವಿ: 🤣🤣🤣🤣🤣

ಗಿರೀಶ: ಆ ಫೈನಲ್‌ನಲ್ಲಿ ನಾನೂ ಆಡಿದ್ದೆ. ನನಗೆ ಇದು ಗೊತ್ತೇ ಇರಲಿಲ್ಲ!

ಶ್ರೀಧರ: ವಾಲಿಬಾಲ್‌ನಲ್ಲಿ ಬೇರೆಯವರ ಪಂದ್ಯ ನೋಡಬಾರದು ಅಂತ ರೂಲ್ ಇಲ್ಲ. ಅದೂ ಇದೂ ಒಂದೇ ಅಲ್ಲ.

ಮಂಜ: ಇರಲಿ. ಅವರ ಹುಡುಗರ ಮಧ್ಯೆ ಕೂರೋಕೆ ‘ನಾನೂ ಇದೇ ಕಾಲೇಜು, ಸಿವಿಲ್ ಸೆಕೆಂಡ್ ಇಯರ್’ ಅಂದಿದ್ದೆ. ಪಾಪ, ಅವರೇ ಟೀ, ಬನ್ನು ಕೊಡಿಸಿದರು. ಬಸ್ ಚಾರ್ಜ್ 30 ರೂಪಾಯಿ ನನ್ನದೇ. ನೀನು ಇನ್ನೂ ಕೊಟ್ಟಿಲ್ಲ.

ಸುಧಾ: ಬಟ್ಟೆ ಬದಲಿಸೋದು ಒಂದು ಬಾಕಿ ಇತ್ತು.

ಶ್ರೀಧರ: ರೂಲ್ ಇಲ್ಲದ ಕಡೆ ಮೋಸ ಹೇಗಾಗುತ್ತೆ ಅಂತ ಯಾರಾದ್ರೂ ಹೇಳಿ ನೋಡೋಣ.

ಮಂಜ: ಮೋಸ ಅಲ್ದಿದ್ರೆ ಫೈನಲ್ ಮುಗಿದ ರಾತ್ರಿ ನನ್ನ ಚೀಟಿ ತಗೊಂಡು ಹಾಸ್ಟೆಲ್‌ನ ನೀರೊಲೆಗೆ ಯಾಕೆ ಹಾಕಿದೆ?

ನಲವತ್ತು ನಿಮಿಷ ಗುಂಪು ನಿಶ್ಶಬ್ದ. ನಾನು ಚಕ್ಕುಲಿ ಹಿಟ್ಟು ಕಲಸೋಕೆ ಎದ್ದು ಹೋದೆ. ವಾಪಸ್ ಬಂದಾಗ ಎರಡು ಮೆಸೇಜ್ ಇದ್ದವು.

ಶ್ರೀಧರ: ಚಳಿ ಇತ್ತು ಕಣೋ. ಒಲೆ ಹೊತ್ತಿಸೋಕೆ ಪೇಪರ್ ಬೇಕಿತ್ತು.

ಮಂಜ: ಏಪ್ರಿಲ್‌ನಲ್ಲಾ?